ಅಮ್ಮಾಜಮ್ಮನನ್ನೇ ಕೇಳಬೇಕಿತ್ತು

ಕಾಯಿಲೆ ಬಿದ್ದವರನ್ನು "ಹೇಗಿದ್ದೀರಿ?" ಎಂದು ಯಾರಾದರೂ ಕೇಳಿದರೆ, ನಮ್ಮ ಕಡೆಯ ಮನೆಗಳಲ್ಲಿ ಉತ್ತರ ಬರುವುದು ಹಾಸಿಗೆಯಿಂದಲ್ಲ. ಬಾಗಿಲಲ್ಲಿ ನಿಂತ ಮಗ ಉತ್ತರ ಹೇಳುತ್ತಾನೆ; ಒಲೆಯ ಮುಂದಿನಿಂದ ಸೊಸೆ ಹೇಳುತ್ತಾಳೆ; ಮಜ್ಜಿಗೆಗೆಂದು ಚೊಂಬು ಹಿಡಿದು ಬಂದ ಎದುರು ಮನೆಯವಳೂ ತನ್ನದೊಂದು ಮಾತು ಸೇರಿಸುತ್ತಾಳೆ. ಮಲಗಿದವರು ಮಾತ್ರ ಸೂರಿನ ಹೆಂಚು ನೋಡುತ್ತಿರುತ್ತಾರೆ. ಬೂದಿಕೋಟೆಯಲ್ಲಿ ಬಸ್ಸಿಳಿದು ಒಂದು ಮೈಲಿ ನಡೆದರೆ ಸಿಗುವ ಊರಿನಲ್ಲಿ, ಕೋದಂಡಪ್ಪನ ಮನೆಯಲ್ಲೂ ಹಾಗೆಯೇ ಆಯಿತು. ಹಾಗಾದದ್ದರಿಂದ ಅವನ ಹೆಂಡತಿ ಅಮ್ಮಾಜಮ್ಮ, ಪಡಬೇಕಾಗಿಯೇ ಇರದಿದ್ದ ಪಾಡನ್ನು ಎರಡು ತಿಂಗಳ ಕಾಲ ಪಟ್ಟಳು.

ಕೋದಂಡಪ್ಪ ದಡ್ಡನಲ್ಲ, ಕಟುಕನಂತೂ ಅಲ್ಲವೇ ಅಲ್ಲ. ಮೂವತ್ತೊಂದು ವರ್ಷ ಬಂಗಾರಪೇಟೆಯಲ್ಲಿ ರೈಲು ಹತ್ತಿ ಚಿನ್ನದ ಗಣಿಗೆ ಹೋಗಿ, ಭೂಮಿಯ ಹೊಟ್ಟೆಯೊಳಗೆ ಬಂಡೆ ಕುಸಿಯದಂತೆ ಮರದ ಆಸರೆ ಕಟ್ಟುವ ಕೆಲಸ ಮಾಡಿದವನು. ಪಾಳಿ ಶುರುವಾಗುವ ಮೊದಲು ಕಬ್ಬಿಣದ ಸಲಾಕೆಯಿಂದ ತಲೆಯ ಮೇಲಿನ ಬಂಡೆಯನ್ನು ಗೇಣುಗೇಣಿಗೂ ತಟ್ಟಿ, ಕಿವಿಗೊಟ್ಟು ಕೇಳುತ್ತಿದ್ದ. ಗಟ್ಟಿ ಬಂಡೆ ಗಂಟೆಯಂತೆ ಟಣ್ಣೆನ್ನುತ್ತದೆ. ಸಡಿಲ ಬಂಡೆ ಒಡಕು ಮಡಕೆಯಂತೆ ಬೊದ್ದೆನ್ನುತ್ತದೆ. "ಕೋದಂಡಪ್ಪ ತಟ್ಟಿದ್ನಾ?" ಎಂದು ಕೇಳದೆ ಅವನ ತಂಡದ ಹುಡುಗರು ಮುಂದಕ್ಕೆ ಹೆಜ್ಜೆ ಇಡುತ್ತಿರಲಿಲ್ಲ. ಕಲ್ಲಿನ ಮನಸ್ಸನ್ನು ಕಿವಿಯಿಂದ ಓದಿದ ಆ ಮನುಷ್ಯನಿಗೆ, ನಲವತ್ತು ವರ್ಷ ಜೊತೆಗಿದ್ದ ಹೆಂಡತಿಯ ಮನಸ್ಸನ್ನು ಕೇಳಬೇಕೆಂದು ಹೊಳೆಯಲಿಲ್ಲ.

ಇದು ಸಾವಿರದ ಒಂಬೈನೂರ ತೊಂಬತ್ತೇಳನೆಯ ಇಸವಿಯ ಮಾತು. ಅಮ್ಮಾಜಮ್ಮ ಹನ್ನೆರಡರ ವಯಸ್ಸಿನಿಂದ ಎಡದವಡೆಯಲ್ಲಿ ಹೊಗೆಸೊಪ್ಪು ಇಟ್ಟುಕೊಂಡು ಬೆಳೆದವಳು. ಅದೇ ದವಡೆಯಲ್ಲಿ ಹುಣ್ಣಾಯಿತು. ಒಂದು ವರ್ಷ ಅದನ್ನು ಸೆರಗಿನಲ್ಲಿ ಮುಚ್ಚಿಟ್ಟಳು. ಕೊನೆಗೆ ಬೆಂಗಳೂರಿನ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಆರು ವಾರ ವಿಕಿರಣ ಚಿಕಿತ್ಸೆ, ಊರವರ ಮಾತಿನಲ್ಲಿ ಕರೆಂಟು, ಕೊಟ್ಟರು. ಹುಣ್ಣು ಒಮ್ಮೆ ಬಾಡಿದಂತಾಗಿ, ಮತ್ತೆ ಚಿಗುರಿ, ಕೆನ್ನೆಯನ್ನು ತೂತು ಮಾಡಿಕೊಂಡು ಹೊರಗೆ ಬಂತು. ಆಗ ದೊಡ್ಡ ಡಾಕ್ಟರು ಕೋದಂಡಪ್ಪನನ್ನು ಕೂರಿಸಿಕೊಂಡು, "ಇನ್ನು ಇದನ್ನು ಗುಣ ಮಾಡುವುದು ಆಗುವುದಿಲ್ಲ, ಆದರೆ ಇರುವಷ್ಟು ದಿನ ನರಳದಂತೆ ನೋಡಿಕೊಳ್ಳಬಹುದು. ಬಂಗಾರಪೇಟೆಯಿಂದ ನರ್ಸು ನಿಮ್ಮ ಮನೆಗೇ ಬರುತ್ತಾರೆ" ಎಂದು ಹೇಳಿ ಒಂದು ಚೀಟಿ ಬರೆದುಕೊಟ್ಟರು. ಕೋದಂಡಪ್ಪನ ಕಿವಿಗೆ ಬಿದ್ದದ್ದು ಮೊದಲರ್ಧ ಮಾತ್ರ.

ಸಂಕ್ರಾಂತಿ ಕಳೆದ ಮಂಗಳವಾರ ನರ್ಸು ಅನಸೂಯಮ್ಮ ಬಂದಳು. ನಡುವಯಸ್ಸಿನ ಹೆಂಗಸು, ಕೈಯಲ್ಲಿ ಕೊಡೆ, ಹೆಗಲಲ್ಲಿ ಬಟ್ಟೆಯ ಚೀಲ, ಕಾಲಿಗೆಲ್ಲ ಕೆಂಪು ಧೂಳು. ಅಮ್ಮಾಜಮ್ಮ ಮನೆಯೊಳಗಿರಲಿಲ್ಲ. ಹಿತ್ತಲ ದನದ ಕೊಟ್ಟಿಗೆಯಲ್ಲಿ, ಗೋಣಿಚೀಲದ ಮೇಲೆ, ಎಡಕೆನ್ನೆಗೆ ಸೆರಗು ಮುಚ್ಚಿಕೊಂಡು ಕಂಬಕ್ಕೊರಗಿ ಕೂತಿದ್ದಳು.

"ಇಲ್ಯಾಕೆ ಕೂರಿಸಿದ್ದೀರಿ?" ಎಂದು ಅನಸೂಯಮ್ಮ ಕೇಳಿದಳು.

"ನಾವ್ಯಾಕೆ ಕೂರಿಸಾನ? ಅವಳೇ ಬಂದು ಕೂತವ್ಳೆ. ದನದ ಅತ್ರ ಇದ್ರೇನೇ ಅವಳಿಗೆ ಸಮಾದಾನ" ಎಂದ ಕೋದಂಡಪ್ಪ.

ನರ್ಸು ಗೋಣಿಚೀಲದ ಅಂಚಿನಲ್ಲೇ ಕೂತು, "ಅಮ್ಮಾಜಕ್ಕ, ನೋವು ಹೇಗಿದೆ?" ಎಂದಳು.

"ನೋವಾ? ಕರೆಂಟು ಕೊಟ್ಮೇಲೆ ಎಲ್ಲಾ ವಾಸಿ. ಏನೂ ಇಲ್ಲ ಕಣಮ್ಮ" ಎಂದ ಕೋದಂಡಪ್ಪ.

"ನಿದ್ದೆ ಬರುತ್ತಾ?"

"ಮಗೀನಂಗೆ ಮಲಗ್ತಾಳೆ."

"ಊಟ?"

"ಮುದ್ದೆ ಬ್ಯಾಡ ಅಂತಾಳೆ, ಗಂಜಿ ಕುಡೀತಾಳೆ. ಈ ವಯಸ್ಸಲ್ಲಿ ಇನ್ನೆಷ್ಟು ಬೇಕು?"

"ಯಜಮಾನರೇ, ನಾನು ಕೇಳಿದ್ದು ಅವರನ್ನ."

"ಅವಳಿಗೆ ಬಾಯಿ ಎಲ್ಲೈತಮ್ಮ ಏಳೋಕೆ? ಅವಳ ಬಾಯಿ ನಾನೇ ಅಂತ ತಿಳ್ಕೊ."

ಬಾಗಿಲಲ್ಲಿ ನಿಂತಿದ್ದ ಸೊಸೆ ಗಂಗರತ್ನಮ್ಮ ಏನೋ ಹೇಳಹೊರಟವಳು, ಮಾವನ ಕಣ್ಣು ನೋಡಿ ತುಟಿ ಬಿಗಿದಳು. ಅಮ್ಮಾಜಮ್ಮ ತಲೆಯಾಡಿಸಿದಳು. ಅನಸೂಯಮ್ಮ ತನ್ನ ಕಾರ್ಡಿನಲ್ಲಿ "ನೋವು ಇಲ್ಲ" ಎಂದು ಬರೆದುಕೊಂಡು ಹೋದಳು.

ಸುಳ್ಳು ಹೇಳುವುದಕ್ಕೆ ಕೋದಂಡಪ್ಪನಿಗೆ ಕಾರಣವಿತ್ತು. ಆರು ವರ್ಷಗಳ ಹಿಂದೆ ಅವನ ಅಣ್ಣ ದೊಡ್ಡವೆಂಕಟಪ್ಪ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ತೀರಿಕೊಂಡ. ಊರ ಹೊರಗೆ ಪ್ರಾಣ ಬಿಟ್ಟವರ ಹೆಣ ಊರೊಳಗೆ ಬರಬಾರದು ಎಂಬುದು ಆ ಊರಿನ ಕಟ್ಟು. ವ್ಯಾನನ್ನು ಊರ ಬಾಗಿಲಲ್ಲೇ ತಡೆದರು. ತಾನು ಕಟ್ಟಿಸಿದ ಮನೆಯ ಹೊಸ್ತಿಲು ಕಾಣುವಷ್ಟು ಹತ್ತಿರದಲ್ಲಿ, ಹೊಂಗೆ ಮರದಡಿಯಲ್ಲಿ, ಕಂಡವರೆದುರು ದೊಡ್ಡವೆಂಕಟಪ್ಪನಿಗೆ ಕಡೆಯ ಸ್ನಾನವಾಯಿತು. ಅಮ್ಮಾಜಮ್ಮನಿಗೆ ಆ ಗತಿ ಬರಕೂಡದೆಂದು ಕೋದಂಡಪ್ಪ ಮನಸ್ಸಿನಲ್ಲೇ ಗಂಟು ಹಾಕಿಕೊಂಡಿದ್ದ. ನರ್ಸಿನ ಕಾರ್ಡಿನ ಮೇಲೆ "ನೋವು" ಎಂಬ ಒಂದು ಮಾತು ಬಿದ್ದರೆ ಸಾಕು, ಮರುದಿನವೇ ವ್ಯಾನು ಬಂದು ಎತ್ತಿಕೊಂಡು ಹೋಗುತ್ತದೆ ಎಂಬುದು ಅವನ ಲೆಕ್ಕ. ಹಾಗೆಂದು ಅವನಿಗೆ ಹೇಳಿದವರು ಯಾರೂ ಇಲ್ಲ. ಅವನು ಯಾರನ್ನೂ ಕೇಳಲೂ ಇಲ್ಲ.

"ನರ್ಸಮ್ಮ ಕೇಳಿದ್ರೆ ಏನೂ ಇಲ್ಲ ಅನ್ನು. ನೋವು ಅಂದ್ಯೋ, ಎತ್ತಾಕ್ಕೊಂಡು ಓಯ್ತಾರೆ. ಆಮ್ಯಾಕೆ ಒಂಗೆ ಮರವೇ ಗತಿ" ಎಂದು ಹೆಂಡತಿಗೆ ಮೊದಲೇ ಕಟ್ಟಪ್ಪಣೆ ಮಾಡಿದ್ದ. ಅವಳು ತಲೆಯಾಡಿಸಿದ್ದಳು. ಅದನ್ನು ಅವನು ಒಪ್ಪಿಗೆ ಎಂದುಕೊಂಡ. ಕೇಳುವ ಅಭ್ಯಾಸವಿಲ್ಲದವನಿಗೆ ತಲೆಯಾಟವೆಲ್ಲ ಒಪ್ಪಿಗೆಯೇ.

ಹದಿನೈದು ದಿನಕ್ಕೊಮ್ಮೆ ನರ್ಸು ಬಂದಳು. ಹದಿನೈದು ದಿನಕ್ಕೊಮ್ಮೆ ಅದೇ ಪ್ರಶ್ನೆ, ಅದೇ ಉತ್ತರ. ಜಗಲಿಯ ಮೇಲೆ ಬೀಡಿ ಸೇದುತ್ತ ಕೂರುವ ಪಕ್ಕದ ಮನೆಯ ಮುನಿಸ್ವಾಮಪ್ಪನಿಗೆ ಇದೊಂದು ತಮಾಷೆಯಾಯಿತು.

"ಏನ್ಲಾ ಕೋದಂಡ, ಈ ನರ್ಸಮ್ಮ ಬತ್ತಾಳೆ, ಓಯ್ತಾಳೆ. ಒಂದು ಸೂಜಿ ಆಕಲ್ಲ, ಒಂದು ಟಾನಿಕ್ ಕೊಡಲ್ಲ. ಬರೀ ಪ್ರಶ್ನೆ! ಉಂಡ್ಯಾ, ಮಲಗಿದ್ಯಾ, ಒರಕಡೆಗೆ ಓದ್ಯಾ... ಇವಳಿಗಿಂತ ಜನಗಣತಿ ಮೇಷ್ಟ್ರೇ ವಾಸಿ ಕಣ್ಲಾ, ಅತ್ತು ವರ್ಷಕ್ಕೊಂದು ದಪ ಬತ್ತಾನೆ."

"ಕಾಲು ಅವಳ್ದು, ಸವೆಸ್ಲಿ ಬಿಡ್ಲಾ" ಎಂದು ಕೋದಂಡಪ್ಪನೂ ನಕ್ಕ.

ನಗದವಳು ಗಂಗರತ್ನಮ್ಮ ಒಬ್ಬಳೇ. ಅತ್ತೆಯ ಸೀರೆ ಒಗೆಯುವವಳು ಅವಳು. ಸೆರಗಿನ ತುದಿ ಹಲ್ಲಿನಿಂದ ಕಚ್ಚಿ ಕಚ್ಚಿ ಜಾಳಿಗೆಯಾದದ್ದು ಅವಳಿಗೆ ಗೊತ್ತಿತ್ತು. ಒಂದು ದಿನ ಧೈರ್ಯ ಮಾಡಿ, "ಮಾವ, ನರ್ಸಮ್ಮಂಗೆ ನಿಜ ಏಳ್ಬಿಡಾನ. ಅತ್ತೆ ಕೂತ್ಕೊಂಡೇ ಬೆಳಗು ಮಾಡ್ತವ್ರೆ" ಎಂದಳು.

"ನಿಮ್ಮತ್ತೇನ ಬೀದಿ ಎಣ ಮಾಡ್ಬೇಕು ಅಂತ ಆಸೇನಾ ನಿಂಗೆ?" ಎಂದು ಅವನು ಗದರಿದ. ಗಂಗರತ್ನಮ್ಮ ಒಗೆಯುವ ಬಟ್ಟೆ ಎತ್ತಿಕೊಂಡು ಹೊರಟುಹೋದಳು. ಮಗ ರಾಮಚಂದ್ರಪ್ಪ ಮುಂಜಾನೆಯ ರೈಲಿಗೆ ಬೆಂಗಳೂರಿನ ಕಾರ್ಖಾನೆಗೆ ಹೋಗಿ ಕತ್ತಲಾದ ಮೇಲೆ ಬರುವವನು. ಅಪ್ಪ ಹೇಳಿದ್ದೇ ಅವನಿಗೆ ವೇದವಾಕ್ಯ.

ನಾಲ್ಕನೆಯ ಸಲ ಬಂದಾಗ ಅನಸೂಯಮ್ಮ ಪ್ರಶ್ನೆ ಕಡಿಮೆ ಮಾಡಿ ಕಣ್ಣನ್ನು ಹೆಚ್ಚಾಗಿ ಬಳಸಿದಳು. ಕಚ್ಚಿದ ಸೆರಗು ಕಂಡಳು. ಅಂಗೈಯಲ್ಲಿ ಉಗುರು ನಾಟಿದ ನಾಲ್ಕು ಗುರುತು ಕಂಡಳು. ಹಸು ಬಾಲ ಬೀಸಿದ ಗಾಳಿಗೇ ಅಮ್ಮಾಜಮ್ಮ ಎಡಕೆನ್ನೆಗೆ ಕೈ ಅಡ್ಡ ಹಿಡಿದದ್ದನ್ನೂ ಕಂಡಳು. ಕೊಡೆ ಎತ್ತಿಕೊಂಡು ಎದ್ದುಹೋದಳು.

ಶಿವರಾತ್ರಿ ಕಳೆದ ಎರಡು ದಿನಕ್ಕೆ, ತಾನು ಬರುವ ವಾರವಲ್ಲದ ವಾರ, ಅವಳು ಮತ್ತೆ ಬಂದಳು. ಕೋದಂಡಪ್ಪ ಹೊಲಕ್ಕೆ ಹೋಗಿದ್ದ. ಹುಲ್ಲಿನ ಹೊರೆ ಹೊತ್ತು ಹಿತ್ತಲ ಕಡೆಯಿಂದ ಬಂದವನು, ಕೊಟ್ಟಿಗೆಯೊಳಗೆ ನರ್ಸಿನ ದನಿ ಕೇಳಿ ಗೋಡೆಯ ಆಚೆಯಲ್ಲೇ ನಿಂತುಬಿಟ್ಟ. ಗಂಗರತ್ನಮ್ಮ ದೂರದ ಅಂಗಳದಲ್ಲಿ ಹುಣಸೇಹಣ್ಣು ಬಿಡಿಸುತ್ತಿದ್ದಳು. ಒಳಗೆ ಇದ್ದವರು ಇಬ್ಬರೇ.

"ಅಮ್ಮಾಜಕ್ಕ, ಇಲ್ಲಿ ಯಾರೂ ಇಲ್ಲ. ನೀವು ಬಾಯಿ ಬಿಡೋದೂ ಬೇಡ. ನೋಡಿ, ನಿಮ್ಮ ಸೊಸೆ ಮೊರದಿಂದ ಹುಣಸೇಬೀಜ ತಂದಿದ್ದೀನಿ, ಹತ್ತೇ ಹತ್ತು. ನೋವು ಚೂರೂ ಇಲ್ಲದಿದ್ದರೆ ಈ ಲೋಟ ಖಾಲಿ ಇರಲಿ. ಸ್ವಲ್ಪ ಇದ್ದರೆ ಎರಡೋ ಮೂರೋ ಹಾಕಿ. ತಡೆಯೋಕೇ ಆಗದಷ್ಟು ಇದ್ದರೆ ಹತ್ತೂ ಹಾಕಿ. ಯೋಚನೆ ಮಾಡಿ, ನಿಧಾನವಾಗಿ."

ಕೋದಂಡಪ್ಪನ ತಲೆಯ ಮೇಲೆ ಹೊರೆ ಹಾಗೆಯೇ ಇತ್ತು. ಸ್ಟೀಲು ಲೋಟದೊಳಗೆ ಬೀಜ ಬಿದ್ದ ಸದ್ದು ಕೇಳಿತು. ಟಣ್. ಮತ್ತೊಂದು. ಮತ್ತೊಂದು. ಬೇಡವೆಂದರೂ ಅವನ ಕಿವಿ ಎಣಿಸಿತು. ಆರು, ಏಳು. ಎಂಟರ ಮೇಲೆ ನಿಂತೀತೆಂದು ಕಾದ, ನಿಲ್ಲಲಿಲ್ಲ. ಹತ್ತನೆಯದೂ ಬಿದ್ದಿತು. ಆಮೇಲೆ ನೆಲವನ್ನು ಬೆರಳುಗಳು ತಡಕುವ ಸದ್ದು.

"ಮುಗೀತು ಅಕ್ಕ, ಇದ್ದದ್ದು ಹತ್ತೇ" ಎಂದಳು ಅನಸೂಯಮ್ಮ.

"ಸಾಲ್ದು ತಾಯಿ" ಎಂದಳು ಅಮ್ಮಾಜಮ್ಮ. ದವಡೆ ಬಿಗಿದು, ಗಾಳಿ ಸೋರುವ ಕೆನ್ನೆಯಿಂದ ತೊದಲುತ್ತ ಬಂದ ಮಾತು. ಎಷ್ಟೋ ವಾರಗಳಿಂದ ಅವಳ ದನಿಯನ್ನೇ ಕೇಳಿರಲಿಲ್ಲವೆಂಬುದು ಕೋದಂಡಪ್ಪನಿಗೆ ಆಗ ನೆನಪಾಯಿತು.

"ಈ ಕೊಟ್ಟಿಗೇಲಿ ಯಾಕೆ ಕೂರ್ತೀರಿ?"

"ನನ್ನ ಗಾಯ ನಾರ್ತದೆ. ಮಮ್ಮಗಳು ಒಂದಿನ ಮೂಗು ಮುಚ್ಕೊಂಡ್ಲು. ಸಗಣಿ ನಾತದಾಗೆ ನನ್ನ ನಾತ ಯಾರಿಗೂ ತಿಳಿಯಕಿಲ್ಲ."

"ಆಸ್ಪತ್ರೆಗೆ ಹೋದರೆ ಊರ ಹೊರಗೆ ಸಾಯಬೇಕಾಗುತ್ತೆ ಅಂತ ಹೆದರಿಕೆಯಾ? ನಿಮ್ಮ ಸೊಸೆ ಹೇಳಿದ್ಲು."

ಹಸು ಮೆಲುಕು ಹಾಕುವುದು ಕೇಳಿಸುತ್ತಿತ್ತು.

"ಆ ಎದರಿಕೆ ಅವರ್ದು. ಊರ ಒರಗೆ ಇಕ್ಲಿ, ಬೀದೀಲಿ ಇಕ್ಲಿ. ಸತ್ತೋಳಿಗೆ ಯಾವ ಊರು ತಾಯಿ? ಬದುಕಿರೋವಾಗ ಈ ನೋವು ಬ್ಯಾಡ."

"ಇದನ್ನ ಯಜಮಾನರಿಗೆ ಯಾಕೆ ಹೇಳಲಿಲ್ಲ?"

"ಅವ್ರು ಕೇಳ್ನಿಲ್ಲ" ಎಂದಳು ಅಮ್ಮಾಜಮ್ಮ.

ಹೊರೆ ಜಾರಿ ಕೆಳಗೆ ಬಿದ್ದಿತು. ಸಿಕ್ಕಿಬಿದ್ದವನಿಗೆ ಮೊದಲು ಬರುವುದು ಸಿಟ್ಟು. ಕೋದಂಡಪ್ಪ ಒಳಗೆ ನುಗ್ಗಿ, "ಇವತ್ತು ನಿನ್ನ ಯಾರು ಕರೆದ್ರಮ್ಮ? ಗಂಡಸಿಲ್ದ ಒತ್ತು ನೋಡಿ ಬಂದು, ಎಂಗಸಿನ ಬಾಯಿ ಬಿಡಿಸ್ತೀಯಾ?" ಎಂದು ಕೂಗಾಡಿದ.

ಅನಸೂಯಮ್ಮ ಏಳಲಿಲ್ಲ. "ಯಜಮಾನರೇ, ಗಣೀಲಿ ನಿಮ್ಮ ಕೆಲಸ ಬಂಡೆ ತಟ್ಟಿ ನೋಡೋದು ಅಂತ ನಿಮ್ಮ ಸೊಸೆ ಹೇಳಿದ್ಲು. ನಿಜವಾ?"

"ಅದ್ಯಾಕೆ ಈಗ?"

"ತಟ್ಟದೇನೇ, ಪಕ್ಕದಲ್ಲಿ ನಿಂತೋನು 'ಗಟ್ಟಿಯಾಗೈತೆ ನಡೀರಿ' ಅಂದ ಅಂತ ಯಾವತ್ತಾದರೂ ಹುಡುಗರನ್ನ ಒಳಗೆ ಬಿಟ್ಟಿದ್ರಾ?"

"ಬಿಟ್ಟಿದ್ರೆ ಎಣ ಬೀಳ್ತಿದ್ವು" ಎಂದ ಅವನು, ಯೋಚಿಸುವ ಮೊದಲೇ.

"ನನ್ನ ಕೆಲಸಾನೂ ಅದೇ. ಎಲ್ಲಿ ನೋವು, ಎಷ್ಟು ನೋವು, ಯಾವಾಗ ಏರುತ್ತೆ, ನಿದ್ದೆ ಹೇಗೆ, ಹೊಟ್ಟೆ ಹೇಗೆ, ಮನಸ್ಸು ಹೇಗೆ... ಇದೆಲ್ಲ ಗೊತ್ತಾದ ಮೇಲೇ ಡಾಕ್ಟರು ಔಷಧಿ ಬರೆಯೋದು. ನಾಲ್ಕು ಸಲ ನಾನು ತಟ್ಟೋಕೆ ಬಂದೆ. ನಾಲ್ಕು ಸಲಾನೂ ನೀವು ನನ್ನ ಕೈ ಹಿಡ್ಕೊಂಡ್ರಿ."

"ನೋವು ಅಂದ್ರೆ ವ್ಯಾನು ತರ್ತೀರಲ್ಲ!"

"ಹಾಗಂತ ನಿಮಗೆ ಹೇಳಿದ್ದು ಯಾರು?"

ಕೋದಂಡಪ್ಪ ಬಾಯಿ ತೆರೆದ. ಹೆಸರು ಹೇಳೋಣವೆಂದರೆ ಯಾರ ಹೆಸರೂ ಇರಲಿಲ್ಲ.

"ಆಸ್ಪತ್ರೆಗೆ ಸಾಗಿಸೋದೇ ನಮ್ಮ ಕೆಲಸ ಆಗಿದ್ದರೆ, ಈ ಬಿಸಿಲಲ್ಲಿ ಒಂದು ಮೈಲಿ ನಾನ್ಯಾಕೆ ನಡೀತಿದ್ದೆ? ಮನೇಲೇ, ಅವರ ಜನದ ನಡುವೆಯೇ, ನರಳದ ಹಾಗೆ ನೋಡ್ಕೊಳ್ಳೋಕೆ ನಾವಿರೋದು. ಇದನ್ನ ಮೊದಲನೇ ದಿನವೇ ನಿಮಗೆ ಬಿಡಿಸಿ ಹೇಳಬೇಕಾಗಿತ್ತು. ಎಲ್ಲರ ಎದುರಿಗೆ ಅವರನ್ನ ಕೇಳಬಾರದಾಗಿತ್ತು. ನಿಮ್ಮ ಮಾತು ನಂಬಿ 'ಇಲ್ಲ' ಅಂತ ಬರೆದೋಳು ನಾನೇ. ನನ್ನ ಪಾಲಿನ ತಪ್ಪು ನಾನು ಹೊರ್ತೀನಿ ಯಜಮಾನರೇ. ನಿಮ್ಮದನ್ನ ನೀವು ಹೊರಿ."

ಕೋದಂಡಪ್ಪ ಹೆಂಡತಿಯ ಮುಖ ನೋಡಿದ. ಅವಳು ಅವನ ಕಡೆ ನೋಡಲಿಲ್ಲ. ಲೋಟದೊಳಗಿನ ಬೀಜಗಳನ್ನೇ ನೋಡುತ್ತಿದ್ದಳು. ಅವನು ಗೋಣಿಚೀಲದ ಅಂಚಿನಲ್ಲಿ ಕೂತ. ಅಂದಿನಿಂದ ಆ ಮನೆಯಲ್ಲಿ ನರ್ಸಿನ ಪ್ರಶ್ನೆಗೆ ಅವನು ಉತ್ತರ ಹೇಳಲಿಲ್ಲ.

ಅನಸೂಯಮ್ಮ ಮತ್ತೆ ಮೊದಲಿನಿಂದ ಆರಂಭಿಸಿದಳು. ನೋವು ದವಡೆಯಿಂದ ಕಿವಿಗೆ, ಕಿವಿಯಿಂದ ನೆತ್ತಿಗೆ ಓಡುತ್ತಿತ್ತು. ನುಂಗಿದರೆ ಸಾಕು, ಇಮ್ಮಡಿಯಾಗುತ್ತಿತ್ತು. ಹಲ್ಲುಗಳ ನಡುವೆ ಎಷ್ಟು ಬೆರಳು ಹೋಗುತ್ತದೆಂದು ನೋಡಿದಳು. ಒಂದು ಬೆರಳೂ ಪೂರ್ತಿ ಹೋಗಲಿಲ್ಲ. ಮುದ್ದೆ ಬೇಡವೆಂದದ್ದು ಹಸಿವಿಲ್ಲದೆ ಅಲ್ಲ. ಹೊರಕಡೆಗೆ ಹೋಗಿ ಐದು ದಿನವಾಗಿತ್ತು. ಗಾಯದ ಮೇಲೆ ನೊಣ ಮುತ್ತುತ್ತಿದ್ದವು. ಇನ್ನೊಂದು ವಾರ ಕೊಟ್ಟಿಗೆಯಲ್ಲಿದ್ದರೆ ಹುಳು ಬೀಳುವುದು ಖಂಡಿತವೆಂದಳು. ಕುದಿಸಿ ಆರಿಸಿದ ಉಪ್ಪುನೀರಿನಿಂದ ಗಾಯ ತೊಳೆಯುವುದನ್ನು, ಡಾಕ್ಟರು ಹೇಳುವ ಮಾತ್ರೆಯನ್ನು ನುಣ್ಣಗೆ ಪುಡಿ ಮಾಡಿ ಅದರ ಮೇಲೆ ಉದುರಿಸುವುದನ್ನು, ಕುದಿಸಿ ಒಣಗಿಸಿದ ಹಳೆಯ ಪಂಚೆಯ ತುಂಡು ಮುಚ್ಚುವುದನ್ನು ಗಂಗರತ್ನಮ್ಮನಿಗೆ ಮಾಡಿ ತೋರಿಸಿದಳು. "ನಾತ ಹೋಗುತ್ತೆ. ಪೂರ್ತಿ ಹೋಗದಿದ್ದರೂ ಮಗು ಹತ್ತಿರ ಕೂರುವಷ್ಟು ಹೋಗುತ್ತೆ."

ಹೊರಡುವ ಮೊದಲು, "ನಿನಗೆ ನಿದ್ದೆ ಆಗ್ತಿದೆಯೇನಮ್ಮ?" ಎಂದು ಆ ಸೊಸೆಯನ್ನೂ ಕೇಳಿದಳು. ಗಂಗರತ್ನಮ್ಮ ಕೈಯಲ್ಲಿದ್ದ ಬಟ್ಟೆ ಮುಖಕ್ಕೆ ಒತ್ತಿಕೊಂಡು ಅತ್ತುಬಿಟ್ಟಳು. ಆ ಮನೆಗೆ ಸೊಸೆಯಾಗಿ ಬಂದು ಒಂಬತ್ತು ವರ್ಷವಾಗಿತ್ತು. ಆ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ.

ಗುರುವಾರ ಬಂಗಾರಪೇಟೆಯಿಂದ ಡಾಕ್ಟರು ಬಂದು ನೋಡಿ ಚೀಟಿ ಬರೆದರು. ಶನಿವಾರ ಸಂಜೆ ರಾಮಚಂದ್ರಪ್ಪ ಬೆಂಗಳೂರಿನಿಂದ ಮಾತ್ರೆ ತಂದ. ಮಾತ್ರೆಯ ಹೆಸರು ಮಾರ್ಫಿನ್. ಆ ಹೆಸರು ಜಗಲಿಯನ್ನು ಮುಟ್ಟುವುದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಲೇ ಕೋದಂಡ, ಅದು ಅಫೀಮು ಕಣ್ಲಾ! ಸಾಯೋರಿಗೆ ಬಾಗಿಲು ತೆಗ್ಯೋ ಮಾತ್ರೆ. ಅದ್ನ ಕೊಟ್ಟು ಅಮ್ಮಾಜೀನ ನೀನೇ ಕಳಿಸ್ತೀಯಾ?" ಎಂದ ಮುನಿಸ್ವಾಮಪ್ಪ.

ಮಾತ್ರೆ ಕೊಡುವ ಬಗೆ ಹೇಳಲು ಬಂದಿದ್ದ ಅನಸೂಯಮ್ಮ ಅಲ್ಲೇ ಇದ್ದಳು. "ಕೇಳಿ ಮುನಿಸ್ವಾಮಪ್ಪನವರೇ. ಡಾಕ್ಟರು ನೋಡಿ, ಅಳತೆ ಕಟ್ಟಿ, ಬೇಕಾದಷ್ಟೇ ಏರಿಸ್ತಾ ಕೊಟ್ಟರೆ ಇದು ಸಾವನ್ನ ಕರೆಯೋದಿಲ್ಲ. ಕಾಯಿಲೆ ತರೋ ಸಾವನ್ನ ತಡೆಯೋದೂ ಇಲ್ಲ, ಸುಳ್ಳು ಹೇಳಲ್ಲ ನಾನು. ಇದು ಹಿಡಿಯೋದು ನೋವನ್ನ ಮಾತ್ರ. ಮಲ ಕಟ್ಟುತ್ತೆ, ಅದಕ್ಕೇ ಜೊತೆಗೆ ಇನ್ನೊಂದು ಮಾತ್ರೆ ಇದೆ. ಮೊದಲೆರಡು ದಿನ ತೂಕಡಿಕೆ, ಓಕರಿಕೆ ಇರಬಹುದು. ತೂಕಡಿಕೆ ಹೆಚ್ಚಾಗಿ ಎಬ್ಬಿಸಿದರೂ ಏಳದ ಹಾಗಾದರೆ ಮುಂದಿನ ಮಾತ್ರೆ ಕೊಡದೆ ನಮಗೆ ತಕ್ಷಣ ಹೇಳಿ ಕಳಿಸಬೇಕು."

"ಓದಿದೋರು ಏನ್ ಬೇಕಾದ್ರೂ ಏಳ್ತೀರಮ್ಮ" ಎಂದು ಮುನಿಸ್ವಾಮಪ್ಪ ಬೀಡಿ ಕಚ್ಚಿದ.

"ನಿನ್ನ ದವಡೇಲಿ ಅಂಗೆ ತೂತು ಬಿದ್ದಾಗ ನೀನು ತಗೋಬ್ಯಾಡ ಬಿಡ್ಲಾ" ಎಂದ ಕೋದಂಡಪ್ಪ.

ನಾಲ್ಕು ಗಂಟೆಗೊಮ್ಮೆ ಮಾತ್ರೆಯನ್ನು ಅರೆದು ನೀರಿನಲ್ಲಿ ಕದಡಿ ಕುಡಿಸಬೇಕಾಗಿತ್ತು. ಮೂರನೆಯ ದಿನ ಲೋಟದಲ್ಲಿ ನಾಲ್ಕು ಬೀಜ. ಡಾಕ್ಟರು ಅಳತೆ ಸ್ವಲ್ಪ ಏರಿಸಿದ ಮೇಲೆ ಎರಡೇ ಬೀಜ. ಅಮ್ಮಾಜಮ್ಮ ಕೊಟ್ಟಿಗೆಯಿಂದ ಪಡಸಾಲೆಗೆ ಬಂದಳು. ಚಾಪೆಯ ಮೇಲೆ ಬೆನ್ನು ನೀಡಿ ಮಲಗಿದಳು. ಅವಳ ಕಾಲು ಪೂರ್ತಿ ಚಾಚಿದ್ದನ್ನು ನೋಡಿ ಎಷ್ಟು ದಿನವಾಯಿತೆಂದು ಕೋದಂಡಪ್ಪ ಯೋಚಿಸಿದ, ಯೋಚಿಸಿದ್ದೇ ತಪ್ಪಾಯಿತೆನ್ನಿಸಿತು. ಮೊಮ್ಮಗಳು ಹತ್ತಿರ ಬಂದು ಕೂತು, ಶಾಲೆಯ ಪದ್ಯವನ್ನು ತಪ್ಪುತಪ್ಪಾಗಿ ಒಪ್ಪಿಸಿದಳು.

ಮನುಷ್ಯನ ಹಳೆಯ ಬುದ್ಧಿ ಒಂದೇ ಏಟಿಗೆ ಸಾಯುವುದಿಲ್ಲ. ಒಂದು ಮಧ್ಯಾಹ್ನ ಹೆಂಡತಿ ಹಾಯಾಗಿದ್ದುದನ್ನು ಕಂಡು, ನೋವಿಲ್ಲದಾಗ ಮಾತ್ರೆ ಯಾಕೆ, ಮುಂದೆ ಹೆಚ್ಚಾದಾಗ ಬೇಕಾದೀತೆಂದು ಕೋದಂಡಪ್ಪ ಎರಡು ಹೊತ್ತಿನದನ್ನು ಎತ್ತಿಟ್ಟ. ಸಂಜೆಯ ಹೊತ್ತಿಗೆ ಲೋಟದಲ್ಲಿ ಎಂಟು ಬೀಜ ಬಿದ್ದವು. ಮರುದಿನ ಅನಸೂಯಮ್ಮ ಬಂದು, "ನೋವು ಬಂದ ಮೇಲೆ ಅಟ್ಟೋದಲ್ಲ ಯಜಮಾನರೇ, ಬರದ ಹಾಗೆ ಬಾಗಿಲು ಹಾಕೋದು. ಗಡಿಯಾರ ನೋಡಿ ಕೊಡಿ, ಮುಖ ನೋಡಿ ಅಲ್ಲ" ಎಂದಳು. ಅವನು ಎತ್ತಿಟ್ಟಿದ್ದನ್ನು ಗೂಡಿನಿಂದ ತಂದು ಸೊಸೆಯ ಕೈಗೆ ಕೊಟ್ಟುಬಿಟ್ಟ.

ಹೀಗೆ ಹತ್ತೊಂಬತ್ತು ದಿನ ನಡೆಯಿತು. ಇಪ್ಪತ್ತನೆಯ ದಿನ ಬೆಳಿಗ್ಗೆ, ಸೊಸೆ ತಲೆ ಬಾಚುತ್ತಿದ್ದಾಗ, ಅಮ್ಮಾಜಮ್ಮ ತನ್ನ ಮನೆಯ ಪಡಸಾಲೆಯಲ್ಲಿ ಕಣ್ಣು ಮುಚ್ಚಿದಳು. ಕೋದಂಡಪ್ಪ ಬಯಸಿದ್ದಂತೆಯೇ ಆಯಿತು. ಯಾರೂ ವ್ಯಾನು ತಡೆಯಲಿಲ್ಲ. ಯಾವ ಮರದಡಿಯಲ್ಲೂ ಸ್ನಾನವಾಗಲಿಲ್ಲ. ಬಯಸಿದ್ದು ಕೈಗೂಡಿದವನ ಮುಖ ಮಾತ್ರ ಅವನದಾಗಿರಲಿಲ್ಲ.

ತಿಥಿ ಮುಗಿದ ಮೇಲೆ ಅನಸೂಯಮ್ಮ ಮನೆಯವರನ್ನು ನೋಡಿಹೋಗಲು ಬಂದಳು. ಕೋದಂಡಪ್ಪ ಕೇಳಿದ: "ನೀನು ಮೊದಲ್ನೇ ದಪ ಬಂದಾಗ್ಲೇ ನಾನು ಬಾಯಿ ಮುಚ್ಕೊಂಡಿದ್ದಿದ್ರೆ?"

"ಆ ಎರಡು ತಿಂಗಳೂ ಈ ಹತ್ತೊಂಬತ್ತು ದಿನದ ಹಾಗೇ ಇರ್ತಿತ್ತು, ಯಜಮಾನರೇ."

ಸಮಾಧಾನಕ್ಕೆಂದು ಸುಳ್ಳು ಹೇಳುವ ಅಭ್ಯಾಸ ಅವಳಿಗಿರಲಿಲ್ಲ. ಆ ಮನೆಯಲ್ಲಿ ಸುಳ್ಳು ಬೇಕಾದಷ್ಟು ಆಗಿಹೋಗಿತ್ತು.

ಮಳೆಗಾಲದ ಆರಂಭದಲ್ಲಿ ಕೋದಂಡಪ್ಪ ಒಂದು ಕೆಲಸಕ್ಕೆಂದು ಕಾಮಸಮುದ್ರದ ಕಡೆಗೆ ಹೋದ. ಅಲ್ಲಿ ಅವನ ನೆಂಟ ಕದಿರಪ್ಪನ ತಾಯಿ ಗರ್ಭಕೋಶದ ಕ್ಯಾನ್ಸರಿನಿಂದ ಹಾಸಿಗೆ ಹಿಡಿದಿದ್ದಳು. ಮುದುಕಿ ಗೋಡೆಯ ಕಡೆ ಮುಖ ಮಾಡಿ, ಮೊಣಕಾಲನ್ನು ಎದೆಗೆ ಎಳೆದುಕೊಂಡು ಮಲಗಿದ್ದಳು.

"ಎಂಗವ್ಳೆ ನಿಮ್ಮವ್ವ?" ಎಂದ ಕೋದಂಡಪ್ಪ.

"ಚೆನ್ನಾಗವ್ಳೆ ಮಾವ. ನೋವು ಗೀವು ಏನೂ ಇಲ್ಲ" ಎಂದ ಕದಿರಪ್ಪ.

"ಅವಳು ಅಂದ್ಲಾ?"

"ಅನ್ನೋದೇನು ಬಂತು? ನಮ್ಮವ್ವ, ನಂಗೊತ್ತಾಗಲ್ವಾ?"

ಕೋದಂಡಪ್ಪ ಎದ್ದು, ಅವನ ರೆಟ್ಟೆ ಹಿಡಿದು, ಮಳೆ ಹನಿಯುತ್ತಿದ್ದ ಅಂಗಳಕ್ಕೆ ಎಳೆದುಕೊಂಡು ಬಂದ.

"ನಂಗೂ ಗೊತ್ತಿತ್ತು ಕಣ್ಲಾ" ಎಂದ.

ಮರುದಿನ ಬೆಳಗಿನ ಬಸ್ಸಿಗೆ ಇಬ್ಬರೂ ಬಂಗಾರಪೇಟೆಗೆ ಹೋಗಿ ಅನಸೂಯಮ್ಮನನ್ನು ಕರೆತಂದರು. ಅವಳು ಒಳಗೆ ಹೋದ ಮೇಲೆ ಬಾಗಿಲನ್ನು ಹೊರಗಿನಿಂದ ಎಳೆದುಕೊಂಡವನು ಕದಿರಪ್ಪನೇ.

ಇದನ್ನು ಓದುತ್ತಿರುವ, ಓದಿಸಿ ಕೇಳುತ್ತಿರುವ ತಾಯಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ವಾಸಿಯಾಗದ ಕಾಯಿಲೆಯವರು ಇರಬಹುದು. ಆಯಸ್ಸು ನಮ್ಮ ಕೈಯಲ್ಲಿಲ್ಲ. ನರಳಾಟವನ್ನು ಇಳಿಸುವುದು ಮಾತ್ರ ಬಹಳಮಟ್ಟಿಗೆ ಕೈಯಲ್ಲಿದೆ. ನರ್ಸು ಮನೆಗೆ ಬಂದು ಪ್ರಶ್ನೆ ಕೇಳಿದರೆ ಅದನ್ನು ಕಾಲಹರಣವೆಂದು ಹಗುರಾಗಿ ಕಾಣಬೇಡಿ. ಆ ಪ್ರಶ್ನೆಗಳಿಂದಲೇ ಚಿಕಿತ್ಸೆ ಶುರುವಾಗುತ್ತದೆ. ಕಾಯಿಲೆಯವರನ್ನು ನರ್ಸಿನ ಜೊತೆ ಒಂದಿಷ್ಟು ಹೊತ್ತು ಒಂಟಿಯಾಗಿ ಬಿಡಿ. ನಿಮ್ಮ ಹೆದರಿಕೆ ಏನಿದ್ದರೂ ನರ್ಸಿನ ಮುಂದೆ ಹೇಳಿ. ಅದನ್ನು ಮುಚ್ಚಿಟ್ಟು, ಅದರ ಭಾರವನ್ನು ಹಾಸಿಗೆಯಲ್ಲಿರುವವರ ಮೇಲೆ ಹೇರಬೇಡಿ. ಕೊಟ್ಟ ಮಾತ್ರೆಯನ್ನು ಹೇಳಿದ ಹೊತ್ತಿಗೆ ಕೊಡಿ, ಕೂಡಿಡಬೇಡಿ. ಸದ್ಯಕ್ಕೆ ನರ್ಸಿಗೂ ಕಾಯಬೇಕಾಗಿಲ್ಲ. ಈ ಹಾಳೆಯನ್ನು ಕೆಳಗಿಟ್ಟು, ಈಗಲೇ ಎದ್ದು ಆ ಹಾಸಿಗೆಯ ಹತ್ತಿರ ಹೋಗಿ, ಬೇರೆಯವರನ್ನು ಆಚೆಗೆ ಕಳಿಸಿ, "ನಿನಗೆ ಎಲ್ಲಿ ನೋವು? ನಿನಗೇನು ಬೇಕು?" ಎಂದು ಕೇಳಿ. ಕೇಳಿದ ಮೇಲೆ ದಯವಿಟ್ಟು ನೀವು ಸುಮ್ಮನಿರಿ.